ನಲ್ಲಿಯವನ ಸ್ಥಿರ ಪ್ರತಿಷ್ಠೆ

ಮನುಷ್ಯರಲ್ಲಿ ದೇವರನ್ನು ಕಾಣಬೇಕು ಎಂಬ ಮಾತನ್ನು ನಮ್ಮ ಕಟ್ಟಡದ ಹದಿನಾರು ಮನೆಯವರೂ ಒಪ್ಪುತ್ತೇವೆ. ಎಲುಬಿಲ್ಲದ ನಾಲಿಗೆ ಏನನ್ನಾದರೂ ಒಪ್ಪುತ್ತದೆ. ತಾಪತ್ರಯ ಶುರುವಾದದ್ದು ನಮ್ಮಲ್ಲೊಬ್ಬರು ಅದನ್ನು ಮಾಡಿಯೇ ನೋಡುತ್ತೇನೆಂದು ಹೊರಟಾಗ.

ಅವರು ನೆಲಮಹಡಿಯ ಕೈಪಿಡಿಯವರು. ನೋಂದಣಿ ಕಚೇರಿಯಲ್ಲಿ ಗುಮಾಸ್ತರು. ಅಪ್ಪ ಅಮ್ಮ ಇಟ್ಟ ಹೆಸರು ಏನೋ ಇದೆ, ಆದರೆ ಕಟ್ಟಡದಲ್ಲಿ ಅದನ್ನು ಬಲ್ಲವರು ಅಂಚೆಯವನೊಬ್ಬನೇ. ಯಾವ ಕೆಲಸವನ್ನೂ ಕೈಪಿಡಿ ಇಲ್ಲದೆ ಮಾಡದ ಮನುಷ್ಯ. ಹೊಸ ಛತ್ರಿ ಕೊಂಡರೆ ಅದರ ಜೊತೆ ಬಂದ ಚೀಟಿಯನ್ನು ಕಡೆಯ ಸಾಲಿನವರೆಗೆ ಓದಿದ ಮೇಲೆಯೇ ಬಿಚ್ಚುವುದು, ಅಷ್ಟರಲ್ಲಿ ತೊಯ್ದು ತೊಪ್ಪೆಯಾಗಿದ್ದರೂ ಸರಿ. ಮದುವೆಯಾದ ಹೊಸದರಲ್ಲಿ, ಹುಡುಗಿಯ ಜೊತೆ ಯಾವ ಸೂಚನಾ ಪತ್ರವೂ ಬಂದಿಲ್ಲವೆಂದು ಮಾವನಿಗೆ ಕಾಗದ ಬರೆದಿದ್ದರಂತೆ. ಇದನ್ನು ಹೇಳಿದ್ದು ಅವರ ಹೆಂಡತಿಯೇ. ಆದ್ದರಿಂದ ನಿಜವಿರಬೇಕು.

ಹಿಂದಿನ ಸಂಜೆ ಸಭಾಭವನದಲ್ಲಿ ಒಂದು ಪ್ರವಚನವಿತ್ತು. "ಕಲ್ಲಿನಲ್ಲಿ ದೇವರನ್ನು ಕಾಣುತ್ತೀರಿ, ಉಸಿರಾಡುವವರಲ್ಲಿ ಕಾಣುವುದಿಲ್ಲ. ನಾಳೆ ಬೆಳಗ್ಗೆ ನಿಮ್ಮ ಬಾಗಿಲಿಗೆ ಬರುವವನನ್ನು ದೇವರೆಂದು ಪೂಜಿಸಿ ನೋಡಿ" ಎಂದರು ಪ್ರವಚನಕಾರರು. ಮುನ್ನೂರು ಜನ ತಲೆದೂಗಿದೆವು. ಚಪ್ಪಲಿ ಹುಡುಕುವಷ್ಟರಲ್ಲಿ ಇನ್ನೂರ ತೊಂಬತ್ತೊಂಬತ್ತು ಜನ ಮರೆತೆವು. ಕೈಪಿಡಿಯವರು ಮಾತ್ರ ಬರೆದುಕೊಂಡು, ಮನೆಗೆ ಬರುವ ದಾರಿಯಲ್ಲಿ ಹಳೆಯ ಪುಸ್ತಕದ ಅಂಗಡಿಗೆ ಹೊಕ್ಕು, ಇದ್ದುದರಲ್ಲಿ ದಪ್ಪನೆಯದೊಂದು ಪೂಜಾ ಪುಸ್ತಕ ಕೊಂಡರು. ತೆಳ್ಳಗಿನ ಪುಸ್ತಕದ ಮೇಲೆ ಅವರಿಗೆ ಮೊದಲಿನಿಂದಲೂ ನಂಬಿಕೆ ಕಡಿಮೆ.

ಬೆಳಗ್ಗೆ ಅವರ ಬಾಗಿಲಿಗೆ ಮೊದಲು ಬಂದವರು ನಮ್ಮ ಕಟ್ಟಡ ಸಂಘದ ಕಾರ್ಯದರ್ಶಿ. ಊರಿನ ನೀರು ಮೇಲಿನ ತೊಟ್ಟಿಗೆ ಏರುವ ಪೈಪು ಕೈಪಿಡಿಯವರ ಬಚ್ಚಲಿನ ಗೋಡೆಯಲ್ಲೇ ಹಾದುಹೋಗುತ್ತದೆ. ಅದರ ಜಾಯಿಂಟು ತುಕ್ಕು ಹಿಡಿದು ತೂತಾಗಿ, ತೊಟ್ಟಿಯ ನೀರು ಎರಡು ದಿನದಿಂದ ಅದೇ ಪೈಪಿನಲ್ಲಿ ಹಿಂದಕ್ಕಿಳಿದು ಸೋರಿ ಸೋರಿ, ತೊಟ್ಟಿ ಖಾಲಿಯಾಗಿತ್ತು. ಊರಿನ ನೀರು ಬರುವುದು ಮೂರು ದಿನಕ್ಕೊಮ್ಮೆ, ಬೆಳಗ್ಗೆ ಹನ್ನೊಂದರಿಂದ ಹನ್ನೆರಡರವರೆಗೆ. ಅಂದು ಬರುವ ದಿನ. ಅದು ತಪ್ಪಿದರೆ ಹದಿನಾರು ಮನೆಗೂ ಇನ್ನು ಮೂರು ದಿನ ಹನಿ ನೀರಿಲ್ಲ.

"ನಲ್ಲಿಯವನನ್ನ ಕಳಿಸ್ತಾ ಇದ್ದೀನಿ. ಹನ್ನೊಂದರ ಒಳಗೆ ಜಾಯಿಂಟು ಕೂರಬೇಕು. ಆಗಲಿಲ್ಲವೋ, ನಿಮ್ಮನ್ನ ಸುಮ್ಮನೆ ಬಿಡಲ್ಲ" ಎಂದು ಕಾರ್ಯದರ್ಶಿ ಬೆರಳು ಆಡಿಸಿದರು.

ಕೈಪಿಡಿಯವರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ದೇವರು ಇಷ್ಟು ಬೇಗ ಬರಲಾರನೆಂದು ತೀರ್ಮಾನಿಸಿ, ಎರಡನೆಯವರಿಗೆ ಕಾದರು.

ಎರಡನೆಯವನು ನಲ್ಲಿಯವನು. ಐವತ್ತರ ಆಸುಪಾಸು, ಹೆಗಲಿಗೊಂದು ಚೀಲ, ಕಿವಿಗೊಂದು ಪೆನ್ಸಿಲು. ಹನ್ನೊಂದು ವರ್ಷದಿಂದ ನಮ್ಮ ಕಟ್ಟಡದ ನಲ್ಲಿ, ಕೊಳವೆ, ಮೋರಿ ಎಲ್ಲಕ್ಕೂ ಅವನದೇ ಕೈ. ಅವನನ್ನು ನಾವು ಕರೆಯುವುದು "ಏಯ್ ನಲ್ಲಿ" ಎಂದು. ಅವನು ಬರುವುದು ಹಿಂದಿನ ಮೆಟ್ಟಿಲಿನಿಂದ. ಬಚ್ಚಲಿಗೆ ಹೋಗಿ ಅವನು ತುಕ್ಕು ಹಿಡಿದ ಜಾಯಿಂಟನ್ನು ಕತ್ತರಿಸಿ ತೆಗೆದ. ಹೊಸದನ್ನು ಚೀಲದಿಂದ ತರಲೆಂದು ಹಜಾರಕ್ಕೆ ಬಂದ. ಆಗ ಗಂಟೆ ಒಂಬತ್ತೂವರೆ.

ಹಜಾರದಲ್ಲಿ ಕೈಪಿಡಿಯವರು ಮಡಿಯುಟ್ಟು, ಮನೆಯಲ್ಲಿ ಕೈಗಳಿದ್ದ ಒಂದೇ ಕುರ್ಚಿಗೆ ಬಿಳಿ ಪಂಚೆ ಹೊದಿಸಿ, ಕೈಮುಗಿದು ನಿಂತಿದ್ದರು.

"ಕೂತ್ಕೊಳ್ಳಿ" ಎಂದರು.

ನಲ್ಲಿಯವನು ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ.

"ನಾನಾ ಯಜಮಾನ್ರೇ?"

"ತಾವೇ."

"ತಾವೇ" ಎನ್ನಿಸಿಕೊಂಡ ಆಘಾತದಲ್ಲಿ ಅವನು ಕುಳಿತುಬಿಟ್ಟ. ಕೈಪಿಡಿಯವರು ಪುಸ್ತಕ ತೆರೆದು, ಒಂದನೆಯ ಪುಟದಿಂದ ಶುರುಮಾಡಿದರು.

ಪೂಜೆಯನ್ನು ನಾನು ಕಣ್ಣಾರೆ ಕಂಡೆ. ನಮ್ಮ ಮನೆ ಎರಡನೆಯ ಮಹಡಿ. ಖಾಲಿ ಬಕೆಟ್ಟು ಹಿಡಿದು, ಕೆಳಗೆ ಒಂದು ತಂಬಿಗೆಯಾದರೂ ಸಿಕ್ಕೀತೇನೋ ಎಂದು ಇಳಿದು ಬಂದಿದ್ದೆ. ಬಾಗಿಲು ತೆರೆದಿತ್ತು. ಪಾದ ತೊಳೆಯುವ ಭಾಗ ನಡೆಯುತ್ತಿತ್ತು. ನಲ್ಲಿಯವನ ಹಿಮ್ಮಡಿಯಲ್ಲಿ ಹಳೆಯ ಸಿಮೆಂಟು ಅಂಟಿಕೊಂಡಿತ್ತು. ಕೈಪಿಡಿಯವರು ಮಂತ್ರ ಹೇಳುತ್ತ ಅದನ್ನು ಉಗುರಿನಲ್ಲಿ ಕೆರೆಯುತ್ತಿದ್ದರು. ಅವನು ಕಚಗುಳಿ ತಾಳಲಾರದೆ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಿದ್ದ.

ಅಡುಗೆಮನೆಯಿಂದ ಅವರ ಹೆಂಡತಿ ಓಡಿಬಂದರು. "ಅಯ್ಯೋ, ಅದು ಅನ್ನಕ್ಕೆ ಅಂತ ಎತ್ತಿಟ್ಟ ನೀರು! ಮನೇಲಿ ಇದ್ದಿದ್ದೇ ಅದೊಂದು ಬಿಂದಿಗೆ!"

"ಪಾದ್ಯದ ಮಧ್ಯೆ ಮಾತಾಡಬಾರದು ಅಂತ ಪುಸ್ತಕದಲ್ಲಿದೆ" ಎಂದರು ಗಂಡ.

ಆಮೇಲೆ ಪ್ರಾಣಪ್ರತಿಷ್ಠೆ. ಐವತ್ತು ವರ್ಷದಿಂದ ಉಸಿರಾಡುತ್ತಿದ್ದವನ ಎದೆ ಮುಟ್ಟಿ ಕೈಪಿಡಿಯವರು ಇನ್ನೊಮ್ಮೆ ಪ್ರಾಣ ತುಂಬಿದರು. ಹಣೆಗೆ ಕುಂಕುಮ, ಕೊರಳಿಗೆ ಹಾರ. ನೈವೇದ್ಯವನ್ನು ದೇವರ ಮುಂದೆ ತೋರಿಸಿ ಹಿಂದಕ್ಕೆ ತೆಗೆಯಬೇಕೆಂದು ಪುಸ್ತಕದಲ್ಲಿತ್ತು. ತೋರಿಸಿದರು, ತೆಗೆದರು. ಎರಡು ಬಾಳೆಹಣ್ಣು ಮೂಗಿನ ತನಕ ಬಂದು ವಾಪಸು ಹೋದದ್ದನ್ನು ನಲ್ಲಿಯವನು ಬಾಯಿ ತೆರೆದುಕೊಂಡೇ ನೋಡಿದ. ಮಂಗಳಾರತಿಯಾಗಿ, "ಇಲ್ಲಿಯೇ ಸ್ಥಿರವಾಗಿ ನೆಲೆಸು" ಎಂದು ಮೂರು ಸಲ ಹೇಳಿ ಕೈಪಿಡಿಯವರು ಅಡ್ಡಬಿದ್ದರು. ಪುಸ್ತಕ ಮುಗಿಯಿತು.

"ಈಗ ಏಳಲಾ ಯಜಮಾನ್ರೇ?" ಎಂದ ನಲ್ಲಿಯವನು.

ಕೈಪಿಡಿಯವರು ಪುಟ ತಿರುವಿದರು. ಮುಂದೆ ಅನುಕ್ರಮಣಿಕೆಯಿತ್ತು. "ಏಳುವುದರ ಬಗ್ಗೆ ಇದರಲ್ಲಿ ಏನೂ ಕೊಟ್ಟಿಲ್ಲವಲ್ಲಪ್ಪ" ಎಂದರು.

ನೆಲಮಹಡಿಯ ಇನ್ನೊಂದು ತುದಿಯಲ್ಲಿ ನಿವೃತ್ತ ಪುರೋಹಿತರ ಮನೆ. ಅವರನ್ನು ಕರೆಸಲಾಯಿತು. ಕಟ್ಟಡದಲ್ಲಿ ತಮ್ಮನ್ನು ಬಿಟ್ಟು ಪೂಜೆ ನಡೆದದ್ದಕ್ಕೆ ಅವರು ಮೊದಲು ಐದು ನಿಮಿಷ ಮುನಿಸಿಕೊಂಡರು, ಆಮೇಲೆ ಕನ್ನಡಕ ಏರಿಸಿ ಪುಸ್ತಕದ ಮೊದಲ ಪುಟ ನೋಡಿದರು. ನೋಡಿ ಹಣೆ ಚಚ್ಚಿಕೊಂಡರು.

"ಇದು ಮನೆಯ ಪೂಜೆ ಅಲ್ಲ ಮಾರಾಯರೆ! ಇದು ಗುಡಿಯಲ್ಲಿ ಮೂರ್ತಿ ಕೂರಿಸೋ ಪುಸ್ತಕ. ಸ್ಥಿರ ಪ್ರತಿಷ್ಠೆ. ಇದಕ್ಕೆ ವಿಸರ್ಜನೆ ಅನ್ನೋದೇ ಇಲ್ಲ. ಒಂದು ಸಲ ಕೂರಿಸಿದರೆ ಮುಗೀತು, ಸೂರ್ಯಚಂದ್ರರು ಇರೋ ತನಕ ಅಲ್ಲಾಡಿಸೋ ಹಾಗಿಲ್ಲ."

"ಮತ್ತೇನು ಮಾಡೋದು?"

"ಸುತ್ತ ಗುಡಿ ಕಟ್ಟೋದು."

ನಲ್ಲಿಯವನ ಮುಖ ಬಿಳಿಚಿಕೊಂಡಿತು. "ಯಜಮಾನ್ರೇ, ನಂಗೆ ಮೂರು ಹೆಣ್ಣುಮಕ್ಕಳು. ದೇವರನ್ನ ಕೂರಿಸಿದ ಮೇಲೆ ಮಣೆ ಸರಿಸಿದ್ರೂ ಮನೆಗೆ ಒಳ್ಳೇದಲ್ಲ ಅಂತ ನಮ್ಮಮ್ಮ ಹೇಳ್ತಿದ್ಲು. ದೋಷಗೀಷ ತಟ್ಟಿದ್ರೆ ನಾನು ತಡ್ಕೊಳಲ್ಲ. ದಾರಿ ಹೇಳಿ, ಏಳ್ತೀನಿ. ಅಲ್ಲೀತನಕ ಏಳಲ್ಲ."

"ಮಣ್ಣಿನ ಮೂರ್ತಿ ಆಗಿದ್ರೆ ನೀರಲ್ಲಿ ಮುಳುಗಿಸಬಹುದಿತ್ತು" ಎಂದು ಪುರೋಹಿತರು ಅವನ ಗಾತ್ರವನ್ನು ಕಣ್ಣಲ್ಲೇ ಅಳೆದರು.

"ನನ್ನ ಮುಳುಗಿಸ್ತೀರಾ?"

"ಹೆದರಬೇಡಪ್ಪ" ಎಂದರು ಕೈಪಿಡಿಯವರ ಹೆಂಡತಿ. "ಮುಳುಗಿಸೋಕೆ ನೀರೆಲ್ಲಿದೆ?"

ಗಂಟೆ ಹತ್ತು ದಾಟಿತ್ತು. ಸುದ್ದಿ ಮೆಟ್ಟಿಲು ಹತ್ತಿ ನಾಲ್ಕು ಮಹಡಿಗೂ ಹೋಯಿತು, ನಾಲ್ಕು ಮಹಡಿಯೂ ಮೆಟ್ಟಿಲಿಳಿದು ಬಂತು. ಹಜಾರದಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲರ ಕೈಯಲ್ಲೂ ಖಾಲಿ ಬಕೆಟ್ಟು. ಹೊರಗಿನಿಂದ ನೋಡಿದವರಿಗೆ ದೊಡ್ಡದೊಂದು ಅಭಿಷೇಕಕ್ಕೆ ಜನ ಸೇರಿದಂತೆ ಕಾಣುತ್ತಿದ್ದಿರಬೇಕು.

ಕಾರ್ಯದರ್ಶಿ ನುಗ್ಗಿ ಬಂದರು. "ಏಯ್ ನಲ್ಲಿ, ಏನೋ ಇದು ನಾಟಕ? ಏಳೋ ಮೇಲೆ!"

"ಏಕವಚನ ಬೇಡ!" ಎಂದು ಕೈಪಿಡಿಯವರು ಅಡ್ಡ ನಿಂತರು. "ಹೋಗಲಿ, ದೇವರಿಗೆ ಏಕವಚನವಾದ್ರೂ ನಡೆಯುತ್ತೆ. ಆದರೆ 'ಏಯ್' ನಡೆಯಲ್ಲ."

ಕಾರ್ಯದರ್ಶಿ ಇನ್ನೊಬ್ಬ ಪ್ಲಂಬರನಿಗೆ ಫೋನು ಮಾಡಿದರು. ಅವನು ಎಲ್ಲವನ್ನೂ ಸಮಾಧಾನದಿಂದ ಕೇಳಿ, "ಬಿಚ್ಚಿದ್ದು ಯಾರು?" ಎಂದ. ಹೇಳಿದರು. "ಬಿಚ್ಚಿದವನು ಬದುಕಿದ್ದಾನಾ?" ಎಂದ. ಬದುಕಿದ್ದಾನೆ, ಕುರ್ಚಿಯಲ್ಲಿ ಕೂತಿದ್ದಾನೆ ಎಂದರು. "ಹಾಗಾದ್ರೆ ನಾನು ಕೈ ಹಾಕಲ್ಲ ಸಾರ್. ಒಬ್ಬ ಬಿಚ್ಚಿದ ಜಾಯಿಂಟಿಗೆ ಇನ್ನೊಬ್ಬ ಕೈ ಹಾಕೋದು ನಮ್ಮ ಲೈನಲ್ಲಿ ಇಲ್ಲ" ಎಂದು ಇಟ್ಟುಬಿಟ್ಟ.

ಆಮೇಲೆ ನೀರಿನ ಕಚೇರಿಗೆ ಫೋನು. ನೀರನ್ನು ಒಂದೆರಡು ಗಂಟೆ ತಡವಾಗಿ ಬಿಡಬಹುದೇ ಎಂದು ಕಾರ್ಯದರ್ಶಿ ವಿನಂತಿಸಿದರು. ಕಚೇರಿಯವರು ಕಾರಣ ಕೇಳಿದರು. ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು ಕಾರಣ ಹೇಳಿದರು. ಆ ಕಡೆ ಸ್ವಲ್ಪ ಹೊತ್ತು ಕಾಗದ ಮಗುಚುವ ಸದ್ದು.

"ನಮ್ಮ ನಮೂನೆಯಲ್ಲಿ ಮೂರೇ ಕಾರಣ ಇರೋದು ಸ್ವಾಮಿ" ಎಂದಿತು ಆ ದನಿ. "ಬೆಂಕಿ, ಪೈಪು ಒಡೆದದ್ದು, ಮಂತ್ರಿಗಳು ಬರೋದು. ಪ್ಲಂಬರು ದೇವರಾಗೋದು ಇಲ್ಲ. ಬೇಕಾದರೆ ಹೊಸ ಕಾಲಂ ಕೇಳಿ ಮೇಲಕ್ಕೆ ಬರೀರಿ, ಎರಡು ವರ್ಷದಲ್ಲಿ ಉತ್ತರ ಬರುತ್ತೆ."

ಈಗ ಎದುರುಮನೆಯ ಅಮ್ಮನವರು ಮುಂದೆ ಬಂದರು. ಅರವತ್ತೆರಡು ವಯಸ್ಸು. ಬಾಯಲ್ಲಿರುವ ಮೂವತ್ತೆರಡು ಹಲ್ಲೂ ತಮ್ಮ ಸ್ವಂತದ್ದೆಂದು ಸೊಸೆಯ ಮುಂದೆ ದಿನಕ್ಕೊಮ್ಮೆ ಸಾರುವವರು. "ಇವನು ದೇವರಾದ್ರೆ ನಾನು ಮಹಾರಾಣಿ" ಎಂದು ನಕ್ಕರು. "ಎಲ್ಲಾ ಬಲ್ಲವನಲ್ವಾ ದೇವರು? ಹೇಳಲಿ ನೋಡೋಣ, ನನ್ನ ವಿಷಯ ಇವನಿಗೇನು ಗೊತ್ತು?"

ಆ ಪ್ರಶ್ನೆಯನ್ನು ಅವರು ಕೇಳಬಾರದಿತ್ತು.

"ಹೋದ ವರ್ಷ ನಿಮ್ಮನೆ ವಾಶ್‌ಬೇಸಿನ್ ಕಟ್ಕೊಂಡಿತ್ತಲ್ಲಮ್ಮ" ಎಂದ ನಲ್ಲಿಯವನು, ಯಾವ ಕೆಟ್ಟ ಉದ್ದೇಶವೂ ಇಲ್ಲದೆ. "ಬಗ್ಗಿಸಿರೋ ಪೈಪಲ್ಲಿ ಸಿಕ್ಕಿತ್ತಲ್ಲ, ಮೇಲಿನ ಸೆಟ್ಟು? ಸೊಸೆಗೆ ಹೇಳಬೇಡ ಅಂದ್ರಿ. ನಾನು ಯಾರಿಗೂ ಹೇಳಿಲ್ಲ."

ಸೊಸೆ ಅಲ್ಲೇ ಪಕ್ಕದಲ್ಲಿ ಬಕೆಟ್ಟು ಹಿಡಿದು ನಿಂತಿದ್ದಳು. ಅಮ್ಮನವರು ಬಾಯಿ ಮುಚ್ಚಿದರು. ಅಂದು ಮತ್ತೆ ತೆರೆಯಲಿಲ್ಲ.

ಹನ್ನೊಂದು ವರ್ಷ ನಮ್ಮ ಹದಿನಾರು ಮನೆಯ ಮೋರಿಗೆ ಕೈ ಹಾಕಿದವನು ಅವನೊಬ್ಬನೇ ಎಂಬುದು ನಮಗೆಲ್ಲ ಒಟ್ಟಿಗೇ ಹೊಳೆಯಿತು. ದೇವರಿಂದ ಮುಚ್ಚಿಡಬಹುದು, ಏನೋ ಕೆಲಸದಲ್ಲಿರುತ್ತಾನೆ. ಮೋರಿಯಿಂದ ಮುಚ್ಚಿಡಲಾಗುವುದಿಲ್ಲ.

ಪುರೋಹಿತರು ಮೆಲ್ಲಗೆ ಬಾಗಿಲ ಕಡೆ ಸರಿಯತೊಡಗಿದರು. "ಶಾಸ್ತ್ರಿಗಳೇ, ನಿಮ್ಮ ವಾರದ ಉಪವಾಸ..." ಎಂದು ನಲ್ಲಿಯವನು ವಿಚಾರಿಸುವಷ್ಟರಲ್ಲಿ, "ಇವತ್ತಲ್ಲ, ಇವತ್ತಲ್ಲ" ಎನ್ನುತ್ತ ವಾಪಸು ಬಂದು ಕೈಮುಗಿದು ನಿಂತರು. ಉಪವಾಸದ ಮರುದಿನವೇ ಅವರ ಮೋರಿಯಲ್ಲಿ ಎಣ್ಣೆಜಿಡ್ಡು ಗಟ್ಟಿಯಾಗಿರುತ್ತದೆಂದು ಆಮೇಲೆ ತಿಳಿಯಿತು.

ಕಾರ್ಯದರ್ಶಿಗೆ ಮಾತ್ರ ತಡೆಯಲಾಗಲಿಲ್ಲ. "ನನ್ನ ಮನೆ ವಿಷಯ ಹೇಳೋ! ಧೈರ್ಯವಾಗಿ ಹೇಳು! ನನ್ನದೇನಿದೆ?" ಎಂದು ಎದೆ ತಟ್ಟಿಕೊಂಡರು. ಒಬ್ಬರಿಗೆ ದಿನಕ್ಕೆ ಎರಡೇ ಬಕೆಟ್ಟು ಎಂದು ಗೋಡೆಗೆ ಚೀಟಿ ಅಂಟಿಸಿದವರು ಅವರೇ.

"ನಿಮ್ಮದೇನೂ ಇಲ್ಲ ಸಾರ್. ತೊಟ್ಟಿಯಿಂದ ನೇರ ನಿಮ್ಮ ಬಚ್ಚಲಿಗೆ ಒಂದು ಲೈನ್ ಎಳಿ ಅಂದ್ರಿ, ಎಳೆದೆ. ಯಾರಿಗೂ ಕಾಣದ ಹಾಗೆ ಸುಣ್ಣ ಬಳಿ ಅಂದ್ರಿ, ಬಳಿದೆ. ಅಷ್ಟೇ."

ಹದಿನೈದು ಮನೆಯವರು ಹದಿನಾರನೆಯ ಮನೆಯವರ ಕಡೆ ತಿರುಗಿದೆವು. ಕಾರ್ಯದರ್ಶಿ ನಿಂತಲ್ಲೇ ಕುಗ್ಗಿ, ಮೊದಲು ಸೊಂಟ, ಆಮೇಲೆ ಮೊಣಕಾಲು ಬಗ್ಗಿಸಿ, ಕಡೆಗೆ ಪೂರ್ತಿ ನೆಲಕ್ಕೆ ಬಿದ್ದು, "ದೇವರೇ, ಸಾಕು" ಎಂದರು. ಅವರ ಹಿಂದೆ ಸಾಲಾಗಿ ಎಲ್ಲರೂ ಬಿದ್ದರು. ನಾನೂ ಬಿದ್ದೆ. ನಮ್ಮ ಮನೆಯ ಮೋರಿಯಲ್ಲಿ ಏನು ಸಿಕ್ಕಿತ್ತೆಂಬುದು ಈ ಕಥೆಗೆ ಸಂಬಂಧಪಟ್ಟ ವಿಷಯವಲ್ಲ.

ಆ ಕ್ಷಣದ ಭಕ್ತಿಯ ಬಗ್ಗೆ ನಾನು ಏನೂ ಕೆಟ್ಟದು ಹೇಳಲಾರೆ. ಅಷ್ಟು ಮನಃಪೂರ್ವಕವಾಗಿ ನಾವು ಯಾರ ಮುಂದೆಯೂ ಬಗ್ಗಿದವರಲ್ಲ. ಒಬ್ಬರು ಹಾಲು ತಂದರು, ಒಬ್ಬರು ಹೊಸ ಟವೆಲು ತಂದರು. ಒಬ್ಬರು ಬೀಸಣಿಗೆ ಹಿಡಿದು ಗಾಳಿ ಹಾಕಿದರು. ನಲ್ಲಿಯವನಿಗೆ ಮಾತ್ರ ಇದ್ಯಾವುದೂ ರುಚಿಸುತ್ತಿರಲಿಲ್ಲ. ಅವನ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು.

"ಹನ್ನೊಂದಕ್ಕೆ ಐದು ನಿಮಿಷ" ಎಂದ. "ಶಾಸ್ತ್ರಿಗಳೇ, ಬೇಗ ಏನಾದ್ರೂ ಹುಡುಕಿ."

"ಹುಡುಕ್ತಾ ಇದ್ದೀನಪ್ಪ, ಹುಡುಕ್ತಾ ಇದ್ದೀನಿ. ಸ್ಥಿರ ಪ್ರತಿಷ್ಠೆ ಕದಲಿಸಬೇಕಾದ್ರೆ ಹನ್ನೆರಡು ದಿನದ ಹೋಮ ಅಂತಿದೆ" ಎಂದು ಪುರೋಹಿತರು ತಮ್ಮ ಮನೆಯಿಂದ ತರಿಸಿದ ಗ್ರಂಥದ ಮೇಲೆ ಬೆರಳಿಟ್ಟರು.

"ಹನ್ನೆರಡು ದಿನ!" ಎಂದು ಕೈಪಿಡಿಯವರು ಕುಸಿದು ಕುಳಿತರು. ನನಗೆ ಅವರನ್ನು ನೋಡಿ ಮರುಕವಾಯಿತು. ಎಂದಿನಂತೆ ಪುಸ್ತಕವನ್ನು ಅಕ್ಷರ ಬಿಡದೆ ಪಾಲಿಸಿ, ಒಂದು ಕಟ್ಟಡಕ್ಕೇ ನೀರು ತಪ್ಪಿಸಿದ ಮನುಷ್ಯ. ಹೆಂಡತಿ ಅವರನ್ನು ನೋಡಿದ ನೋಟವನ್ನು ವರ್ಣಿಸುವುದಿಲ್ಲ.

ಆಗ ಬಚ್ಚಲಿನಿಂದ ಸುಂಯ್ ಎಂದು ಸದ್ದು ಬಂತು.

ನಮಗೆ ಅದು ಬರೀ ಸದ್ದು. ನಲ್ಲಿಯವನಿಗೆ ಹಾಗಲ್ಲ. ಅವನ ಬೆನ್ನು ನೆಟ್ಟಗಾಯಿತು. "ಗಾಳಿ" ಎಂದ. "ಲೈನಿಗೆ ಗಾಳಿ ಬಂತು. ಹಿಂದೇನೇ ನೀರು." ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ. ಕಣ್ಣು ಮುಚ್ಚಿದ. ಮೂರು ಹೆಣ್ಣುಮಕ್ಕಳನ್ನು ನೆನೆದನೋ ಏನೋ, ತುಟಿ ಅಲ್ಲಾಡುತ್ತಿತ್ತು. ಪೈಪು ಎರಡು ಸಲ ಕೆಮ್ಮಿತು. ಆಮೇಲೆ ಧೋ ಎಂದು ನೀರು ಬಚ್ಚಲಿನ ಗೋಡೆಗೆ ಅಪ್ಪಳಿಸಿತು, ಹೊಸ್ತಿಲು ದಾಟಿ ಹಜಾರಕ್ಕೆ ಹರಿಯಿತು, ಇನ್ನೂ ಅಡ್ಡಬಿದ್ದೇ ಇದ್ದ ಕಾರ್ಯದರ್ಶಿಯ ಹೊಟ್ಟೆಯ ಕೆಳಗೆ ನುಗ್ಗಿತು.

ಸೂರ್ಯಚಂದ್ರರಿರುವ ತನಕ ಕದಲಬಾರದ ದೇವರು ಎದ್ದು ಓಡಿದ.

ಚೀಲ ಕೈಯಲ್ಲಿತ್ತು, ಹಾರ ಕೊರಳಲ್ಲೇ ಇತ್ತು, ಕುಂಕುಮ ಕಣ್ಣಿಗೆ ಇಳಿಯುತ್ತಿತ್ತು. "ಯಾರಾದ್ರೂ ಪೈಪು ಹಿಡ್ಕೊಳ್ರೀ!" ಎಂದು ಕೂಗಿದ. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಕೈಪಿಡಿಯವರು ಮಾತ್ರ ಪುಸ್ತಕ ನೆಲದ ಮೇಲೆ ಬಿಟ್ಟು, ಉಟ್ಟ ಮಡಿಯಲ್ಲೇ ಬಚ್ಚಲಿಗೆ ಧುಮುಕಿದರು.

"ಹಾಗಲ್ಲ, ಎರಡೂ ಕೈಲಿ! ಗಟ್ಟಿಯಾಗಿ ಹಿಡಿಯೋ!" ಎಂದು ದೇವರು ಭಕ್ತನನ್ನು ಗದರಿಸಿದ. ಭಕ್ತ ಹಿಡಿದ. ಹತ್ತು ನಿಮಿಷ ಆ ಇಬ್ಬರು ನೀರಿನೊಳಗೆ ಎಲ್ಲಿದ್ದಾರೆಂದೇ ಕಾಣಲಿಲ್ಲ. ಆಮೇಲೆ ಸ್ಪ್ಯಾನರ್ ಕಿರ್ರೆಂದಿತು, ಧೋ ಎಂಬುದು ಸುಂಯ್ ಆಯಿತು, ಸುಂಯ್ ಎಂಬುದು ನಿಂತಿತು. ಗೋಡೆಯೊಳಗೆ ನೀರು ಮೇಲಕ್ಕೇರುವ ಗುಳುಗುಳು ಕೇಳಿಸಿತು. ಎಲ್ಲರೂ ಉಸ್ಸಪ್ಪಾ ಎಂದೆವು.

"ಪೂರ್ತಿ ಮುಳುಗಿದನಲ್ಲ" ಎಂದು ಪುರೋಹಿತರು ತಕ್ಷಣ ಘೋಷಿಸಿದರು. "ವಿಸರ್ಜನೆ ಆದಂತೆಯೇ. ಇನ್ನು ಇವನು ದೇವರಲ್ಲ, ಪ್ಲಂಬರು."

ಆ ಘೋಷಣೆಗೆ ಕಾಯುತ್ತಿದ್ದವರಂತೆ ಕಾರ್ಯದರ್ಶಿ ಎದ್ದು ಅಂಗಿ ಹಿಂಡಿಕೊಂಡರು. "ಏಯ್ ನಲ್ಲಿ! ಹಜಾರ ಎಲ್ಲ ಕೆರೆ ಮಾಡಿದ್ದೀಯಲ್ಲೋ. ಒರೆಸಿ ಹೋಗು. ಹೋಗೋವಾಗ ಹಿಂದಿನ ಮೆಟ್ಟಿಲಲ್ಲಿ ಇಳಿ, ಮುಂದೆ ಕೆಸರು ಮಾಡಬೇಡ." ಬೀಸಣಿಗೆಯವರು ಬೀಸಣಿಗೆ ತೆಗೆದುಕೊಂಡು ಹೊರಟರು. ಹೊಸ ಟವೆಲಿನವರು ಅದನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು. ಬಕೆಟ್ಟುಗಳೆಲ್ಲ ಮೆಟ್ಟಿಲು ಹತ್ತಿದವು. ನಾನು ಯಾಕೋ ಹತ್ತಲಾರದೆ ಬಾಗಿಲ ಬಳಿಯೇ ನಿಂತೆ. ನನಗೆ ನಾಚಿಕೆಯಾಗಿತ್ತು, ಹೇಳಿಬಿಡುತ್ತೇನೆ.

ನಲ್ಲಿಯವನು ಹಾರ ತೆಗೆದು, ನೀರು ಹಿಂಡಿ, ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡಿದ್ದ. ಕೈಪಿಡಿಯವರು ನಡುಗುತ್ತ ಕೇಳಿದರು: "ನೀನು ಎದ್ದುಬಿಟ್ಟೆಯಲ್ಲಪ್ಪ. ದೋಷ ಬರುತ್ತೇನೋ?"

"ಬಂದ್ರೆ ಬರಲಿ ಯಜಮಾನ್ರೇ" ಎಂದ ಅವನು. "ನೀರು ಪೋಲಾಗೋದನ್ನ ನೋಡ್ಕೊಂಡು ಕೂತಿರೋ ದೇವರು ಎಲ್ಲಾದ್ರೂ ಇರಬಹುದು. ನನ್ನ ಕೈಲಾಗಲ್ಲ."

ಒರೆಸುವ ಬಟ್ಟೆಗೆ ಅವನು ಬಗ್ಗುವಷ್ಟರಲ್ಲಿ ಕೈಪಿಡಿಯವರ ಹೆಂಡತಿ ಅದನ್ನು ಕಿತ್ತುಕೊಂಡು ಗಂಡನ ಕೈಗೆ ಕೊಟ್ಟರು. ನಲ್ಲಿಯವನಿಗೆ, "ನೀನು ಕೂತ್ಕೋ, ಟೀ ಮಾಡ್ತೀನಿ. ಈಗ ನೀರು ಬಂತಲ್ಲ" ಎಂದು ಕುರ್ಚಿ ತೋರಿಸಿದರು.

ಅವನು ಕುರ್ಚಿಯನ್ನು ನೋಡಿದ. ಎರಡು ಹೆಜ್ಜೆ ಹಿಂದೆ ಸರಿದ.

"ಬೇಡಕ್ಕ. ಈ ಕಟ್ಟಡದಲ್ಲಿ ಕೂತ್ರೆ ಪೂಜೆ ಮಾಡ್ತಾರೆ, ಎದ್ರೆ ಒರೆಸು ಅಂತಾರೆ. ನಾನು ಮೆಟ್ಟಿಲ ಮೇಲೆ ಕುಡೀತೀನಿ."

ಚೀಲ ಹೆಗಲಿಗೇರಿಸಿ ಹೊರಗೆ ಹೋದ. ಕೈಪಿಡಿಯವರು ಹಜಾರ ಒರೆಸಿದರು. ಒರೆಸಿ ಮುಗಿಸಿ, ಎರಡು ಲೋಟ ಟೀ ಹಿಡಿದು, ಒದ್ದೆ ಪಂಚೆಯಲ್ಲೇ ಹಿಂದಿನ ಮೆಟ್ಟಿಲಿಗೆ ನಡೆದರು. ಅದು ಒಬ್ಬರು ಕೂರುವಷ್ಟೇ ಅಗಲದ ಮೆಟ್ಟಿಲು. ಏನು ಮಾಡಬೇಕೆಂದು ತಿಳಿಯದೆ ಅವರು ನಿಂತೇ ಇದ್ದರು.

"ಅದೇನು ಹಾಗೆ ನಿಂತ್ರಿ?" ಎಂದು ನಲ್ಲಿಯವನು ಗೋಡೆಗೆ ಒತ್ತಿಕೊಂಡು ಜಾಗ ಮಾಡಿದ. "ಕೂತ್ಕೊಳ್ಳಿ."